ಗಾಡ್ರಿಕರ ತಂಗಿ

ಮಾರ್ಚ್ 9, ಭಾನುವಾರ

ಇದೊಂದನ್ನು ಬರೆಯದೇ ಬಿಡುವುದರಲ್ಲಿದ್ದೆ: ಸಂತ ಗಾಡ್ರಿಕರಿಗೆ ಒಬ್ಬಳು ತಂಗಿ ಇದ್ದಳು. ಹನ್ನೆರಡನೇ ಶತಮಾನ, ಇಂಗ್ಲೆಂಡಿನ ಕಾಡು, ಹೊಳೆ ದಂಡೆಯ ಒಂಟಿ ತಪಸ್ವಿ — ಲೇಖನ ಚೆನ್ನಾಗಿಯೇ ಬರುತ್ತಿತ್ತು. ಬೇಟೆಗಾರರಿಂದ ಜಿಂಕೆಯನ್ನು ಬಚ್ಚಿಟ್ಟಿದ್ದು, ಕೊರೆಯುವ ನೀರಿನಲ್ಲಿ ನಿಂತು ಪ್ರಾರ್ಥಿಸಿದ್ದು… ಎಲ್ಲ ಬರೆದೆ. ತಂಗಿಯೂ ಕೆಲಕಾಲ ಅಲ್ಲಿದ್ದಳೆಂಬಲ್ಲಿ ಪೆನ್ ನಿಂತಿತು.

ಕೇಳಿದ್ದಕ್ಕೆ ಚರ್ಚ್ ಪತ್ರಿಕೆಯ ಫಾದರ್ ಫೋನಿನಲ್ಲಿ: "ತಂಗಿ ಬೇಡ ಟೀಚರ್. ಈಸ್ಟರಿನ ಪಾಸ್ಖ ಸಂಚಿಕೆ. ಜನಕ್ಕೆ ಕನ್‌ಫ್ಯೂಸ್ ಆಗುತ್ತೆ." ಹೂಂ ಅಂದೆ. ಯಾಕಂದೆ?

ಮಾರ್ಚ್ 16, ಭಾನುವಾರ

ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾದಾಗಿನಿಂದ ನನ್ನಣ್ಣ ಚೌರಪ್ಪ ಕನಕಪುರದಾಚೆಯ ಹಳೇ ಕ್ವಾರಿ ಶೆಡ್ಡಿನಲ್ಲಿ ಒಬ್ಬನೇ. ಜಪ, ಮೌನ. ಬಂಡೆ ಹತ್ತಿ ಮುದ್ದೆ ಹೊರುವುದು ನಾನು, ದಿನಾ. ಆರಿದ್ದು ಅವನಿಗೆ ಇಳಿಯುವುದಿಲ್ಲ.

ಇವತ್ತು ಅವನು ಉಂಡ ಮೇಲೆ ಶೆಡ್ಡಿನ ಬಾಗಿಲಲ್ಲಿ ಹಾಟ್‌ಬಾಕ್ಸ್ ತೊಳೆಯುತ್ತಿದ್ದೆ. ಕೆಳಗಿನ ತೋಟದ ಅಂಕಮ್ಮ ಅಣ್ಣನ ಆಶೀರ್ವಾದಕ್ಕೆ ಬಂದಳು. "ನಿಮ್ಮಣ್ಣಾರು ಬರೀ ನೀರ್ ಕುಡ್ಕಂಡೇ ಅವ್ರಂತೆ ಕಣವ್ವ! ಊರೆಲ್ಲಾ ಅದೇ ಮಾತು."

"ಮತ್ತೆ ಈ ಡಬ್ಬಿ?"

"ನಿಮ್ದಲ್ವಾ?"

ಅಣ್ಣನ ಕಡೆ ನೋಡಿದೆ. ಕಣ್ಣು ಮುಚ್ಚಿ ಜಪಸರ ತಿರುಗಿಸುತ್ತಿದ್ದ. ತುಟಿಯಂಚಿನಲ್ಲಿ ರಾಗಿ ಇನ್ನೂ ಅಂಟಿತ್ತು.

ಮಾರ್ಚ್ 17

ಹೋಗಲಿಲ್ಲ.

ಮಾರ್ಚ್ 18, ಸಂಜೆ

ಇವತ್ತೂ ಹೋಗಲಿಲ್ಲ. ಸತ್ಯಕ್ಕೋ, ಸೇಡಿಗೋ? ಯಾವುದಾದರೂ ಅವನಿಗೆ ಹಸಿವೇ.

ಅವನದೇ ಫೋನ್. "ಯಾಕಮ್ಮಿ ಬರ್ನಿಲ್ಲ?"

"ಯಾಕೆ, ನೀರು ಖಾಲಿಯಾಯ್ತಾ?"

"ನಾನೇನ್ ಅಂಗಂದಿದ್ನಾ? ಅವ್ರೇ ಅನ್ಕಂಡ್ರು."

"ಅಲ್ಲ ಅಂತಲೂ ಅನ್ನಲಿಲ್ಲವಲ್ಲ."

"ಮೌನ ಅಲ್ವಾ ಕಣಮ್ಮಿ…"

ನಗು ಬಂತು. ಸಿಟ್ಟು ಹೋಗಲಿಲ್ಲ.

ಮಾರ್ಚ್ 19, ಬುಧವಾರ

ಹೋದೆ. ಅಂಕಮ್ಮ, ಜೊತೆಗೆ ನಾಲ್ಕೈದು ಹೆಂಗಸರು ಕೂತಿದ್ದರು. ಅವರೆದುರೇ ಮುಚ್ಚಳ ತೆಗೆದೆ. ಮುದ್ದೆ, ಉಪ್ಸಾರು. ಹಬೆ ಎದ್ದಿತು. ಅಣ್ಣ ಡಬ್ಬಿ ದೂರ ತಳ್ಳಿದ್ದರೆ ಸಂತನಾಗಿಯೇ ಉಳಿಯುತ್ತಿದ್ದ. ಬಗ್ಗಿ ನೋಡಿದ. ನನ್ನ ಚೀಲದಲ್ಲೂ ಕೈಯಾಡಿಸಿದ.

"ಖಾರ ಎಲ್ಲಮ್ಮಿ?"

ಉಪ್ಸಾರಿಗೆ ಕಲೆಸುವ ಖಾರ ಮನೆಯಲ್ಲೇ ಬಿಟ್ಟುಬಂದಿದ್ದೆ.

"ದಿನಾ ತತ್ತಾಳೆ, ಇವತ್ತೇ ಮರ್ತವ್ಳೆ ನೋಡಿ," ಅಂದ ಅವರಿಗೆ.

ಹೆಂಗಸರು ಮುಖ ಮುಖ ನೋಡಿಕೊಂಡರು. ಅಂಕಮ್ಮ ಎದ್ದಳು. "ತಡೀರಿ ಸಾಮಿ, ನಮ್ಮನೇಲಿ ಐತೆ. ಅದಿಲ್ದೆ ಹೆಂಗ್ ಉಂಡೀರಿ?"

ಅಣ್ಣ ಅಂದದ್ದು ಹೊಗಳಿಕೆಯಲ್ಲ, ದೂರು. ನಾನಿರುವುದು ಊರಿಗೆ ಗೊತ್ತಾಗಿದ್ದು ಹೀಗೆ. ಇಷ್ಟಕ್ಕೇ ಸಮಾಧಾನವಾಗಬೇಕೇ? ಆಗಿಲ್ಲ.

ಲೇಖನಕ್ಕೆ ಗಾಡ್ರಿಕರ ತಂಗಿಯ ಸಾಲು ಸೇರಿಸಿದೆ. ಫಾದರ್ ಬೇಕಾದರೆ ಅವರ ಕೈಯಾರೆ ಹೊಡೆದುಹಾಕಲಿ. ಪೋಸ್ಟ್ ಮಾಡುವುದು ಮಾರ್ಚ್ 21, ಶುಕ್ರವಾರ — ಅಣ್ಣನಿಗೆ ಮುದ್ದೆ ಕೊಟ್ಟು ಬಂಡೆ ಇಳಿದ ಮೇಲೆ.