ಜೊಂಡಿನ ಹಿಂದಿನ ಬಾತುಕೋಳಿ

ಪ್ರೀತಿಯ ಅಣ್ಣ,

ಎದುರು ಕೂತು ಹೇಳಹೋದರೆ ನೀನು ನಗಿಸಿ ನನ್ನ ಬಾಯಿ ಮುಚ್ಚಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಭಯವಾಗಿದೆ.

ಜೊಂಡಿನ ನಡುವೆ ಕಾಡು ಬಾತುಕೋಳಿಯ ಫೋಟೋ ತೆಗೆಯುವುದನ್ನು ಕಲಿಸಿದವನೇ ನೀನು. ಕ್ಯಾಮೆರಾ ಪೆದ್ದು, ಎದುರಿಗೆ ಸಿಕ್ಕ ಹುಲ್ಲುಕಡ್ಡಿಗೇ ಮರುಳಾಗುತ್ತದೆ ಎಂದು ನೀನು ಫೋಕಸ್ಸನ್ನು ಕೈಯಿಂದಲೇ ತಿರುಗಿಸಿ ಹಕ್ಕಿಯ ಕಣ್ಣಿಗೆ ತಂದು ನಿಲ್ಲಿಸುತ್ತಿದ್ದೆ. ಕಣ್ಣು ಸ್ಪಷ್ಟವಿಲ್ಲದ ಚಿತ್ರವನ್ನು ಮುಲಾಜಿಲ್ಲದೆ ಅಳಿಸುತ್ತಿದ್ದೆ. ನನ್ನವನ್ನಂತೂ ರಾಶಿ ರಾಶಿ.

ಇವತ್ತು ಬೆಳಿಗ್ಗೆ ಕೆರೆಯಿಂದ ಬಂದವನೇ ಕ್ಯಾಮೆರಾ ನನ್ನ ಕೈಗಿಟ್ಟೆ. ಪ್ರತಿ ಚಿತ್ರದಲ್ಲೂ ಜೊಂಡಿನ ಎಳೆ ಎಳೆಯೂ ನಿಚ್ಚಳ. ಬಾತುಕೋಳಿ ಇರಬೇಕಾದಲ್ಲಿ ಕಂದು ಮುದ್ದೆ. ತಮಾಷೆ ಮಾಡುತ್ತಿದ್ದೀಯ ಅಂದುಕೊಂಡೆ. ನೀನು ಪರದೆಗೆ ಮೂಗು ತಾಗಿಸಿ, "ಕಣ್ಣು ನೋಡೇ, ಹೇಗೆ ಮಿಂಚ್ತಿದೆ! ಇದನ್ನ ದೊಡ್ಡದು ಮಾಡಿಸಿ ಗೋಡೆಗೆ ಹಾಕೋಣ" ಅಂದೆ. ನಾನು ಹೂಂ ಅಂದೆ.

ನಿಮ್ಮ ಮನೆಯಲ್ಲಿ ಊಟ ಮುಗಿಸಿ ನೀನು ಕೈ ತೊಳೆಯಲು ಎದ್ದಾಗ ನನ್ನ ಮಗಳು ಹೇಳಿದಳು: "ಅಮ್ಮಾ, ಮಾವ ಬಸ್ಸಲ್ಲಿ ದಿನಾ ಒಂದು ಆಟ ಆಡಿಸ್ತಾರೆ. ಮುಂದೆ ಕೂತೋರು ಸಿಗ್ನಲ್ ಯಾವ ಬಣ್ಣ ಅಂತ ಕೂಗ್ಬೇಕು. ನಾಳೆ ನನ್ನ ಸರದಿ!"

ನೀನು ಓಡಿಸುವುದು ಶಾಲೆಯ ಬಸ್ಸು, ಅಣ್ಣ. ಮಕ್ಕಳು ಮಕ್ಕಳೇ. ಯಾವುದಾದರೂ ತರಲೆ ಕೂಸು ಆಟಕ್ಕೆಂದು ಕೆಂಪಿಗೆ ಹಸಿರು ಅಂದುಬಿಟ್ಟರೆ? ಅದನ್ನು ನೆನೆದರೆ ಜೀವ ಬಾಯಿಗೆ ಬರುತ್ತದೆ. ಅಕ್ಷರ ಇಷ್ಟು ದಪ್ಪ ಯಾಕೆ ಬರೆದಿದ್ದೇನೆಂದು ಈಗ ಗೊತ್ತಾಯಿತಲ್ಲ.

ನೀನು ಮಲಗಿದ್ದಾಗ ಮೊಳೆಯಿಂದ ಬಸ್ಸಿನ ಕೀಲಿ ತೆಗೆದುಕೊಂಡು ಬಂದಿದ್ದೇನೆ. ನಾಳೆಗೆ ಬೇರೆ ಡ್ರೈವರನ್ನು ನೋಡಿಕೊಳ್ಳಿ ಎಂದು ಶಾಲೆಗೆ ಫೋನ್ ಮಾಡಿದ್ದೇನೆ, ಕಾರಣವನ್ನೂ ಹೇಳಿದ್ದೇನೆ. ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ. ಅವರು ಏನನ್ನುತ್ತಾರೋ ಎಂಬ ಭಯ ಬೇರೆ. ಸ್ಟಿಯರಿಂಗ್ ಹಿಡಿಯದ ಅಣ್ಣನನ್ನು ನಾನು ಕಂಡೇ ಇಲ್ಲ.

ನಿನಗೆ ಕೆಂಡದಂಥ ಸಿಟ್ಟು ಬರುತ್ತದೆ, ಗೊತ್ತು. ಬಂದು ಹೊಟ್ಟೆ ತುಂಬ ಬೈಯಿ, ಕೇಳಿಸಿಕೊಳ್ಳುತ್ತೇನೆ. ಆದರೆ ಬರುವಾಗ ಒಬ್ಬನೇ ಬರಬೇಡ. ರಸ್ತೆ ದಾಟುವಲ್ಲಿ ಅತ್ತಿಗೆಯ ಕೈ ಹಿಡಿದುಕೋ.

ನನ್ನ ಆಯಸ್ಸೂ ನಿನಗೇ ಸೇರಲಿ.

ಬಾಗಿಲಲ್ಲೇ ಕಾಯುತ್ತಿರುವ,
ನಿನ್ನ ತಂಗಿ