ಯು.ವಿ. ಲೈಟು ನೋಡಿದ ನಿಮ್ಮಣ್ಣ

ತಿಮ್ಮೇಶ,

ಅಮೃತೂರು ಬಸ್ಸಿಗೆ ಹೊರಟಿದೀನಿ. ಸ್ಕೂಲಲ್ಲಿ ಇವತ್ತು ಇನ್‌ಸ್ಪೆಕ್ಷನ್, ರಜ ಕೇಳೋ ಹಂಗಿಲ್ಲ. ನಿಮ್ಮಣ್ಣನ್ನ ನೀನೇ ನೋಡ್ಕೋಬೇಕು.

ಉಪ್ಪುನೀರಿನ ಮೀನುತೊಟ್ಟೀಲಿ ರೋಗಾಣು ಸಾಯ್ಲಿ ಅಂತ ತಂದ ಆ ಯು.ವಿ. ಲೈಟು ಉರಿಯುತ್ತಾ ಇಲ್ವಾ ಅಂತ ನಿನ್ನೆ ಅದರ ಕವರ್ ಬಿಚ್ಚಿ ಬರಿಗಣ್ಣಲ್ಲಿ ನೋಡ್ತಾ ಕೂತಿದ್ರಂತೆ. ಸಂಜೆ ಹೊತ್ತಿಗೆ ಕಣ್ಣಿಗೆ ಮರಳು ಸುರಿದಂಗೆ ಉರಿ. ವೆಲ್ಡಿಂಗ್ ಮಾಡೋರಿಗೆ ಆಗೋದೂ ಇದೇ, ವಾಸಿಯಾಗುತ್ತೆ, ಕಣ್ಣು ಮುಚ್ಕೊಂಡು ಕತ್ತಲಲ್ಲಿ ಮಲಗಿರ್ಲಿ ಅಂದ್ರು ಡಾಕ್ಟ್ರು. ನಾನೂ ನಿದ್ದೆ ಮಾಡಿಲ್ಲ.

ಡ್ರಾಪ್ಸ್ ಫ್ರಿಜ್ಜಲ್ಲಿದೆ, ಊಟಕ್ಕೆ ಮುಂಚೆ ಹಾಕು. ಕಣ್ಣು ಉಜ್ಜೋಕೆ ಬಿಡಬೇಡ. ಲೈಟಿನ ಪ್ಲಗ್ ಕಿತ್ತಿಟ್ಟಿದೀನಿ. "ಒಂದ್ಸಲ ಹಾಕೋ" ಅಂತ ಗೋಗರೆದ್ರೂ ಹಾಕ್ಬೇಡ. ನನಗೆ ಹೇಳಿ ಹೇಳಿ ಸಾಕಾಗಿದೆ.

ಹಳದಿ ಮೀನಿನ ಮೈಮೇಲಿನ ಬಿಳಿ ಚುಕ್ಕೆ ಹೋಗ್ಲಿ ಅಂತ ತಾನೇ ಇಷ್ಟೆಲ್ಲಾ ಮಾಡಿದ್ದು? ಅದು ಬೆಳಗ್ಗೆ ಸತ್ತು ತೇಲ್ತಿತ್ತು ಕಣೋ. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೀನಿ. "ಹೆಂಗಿದೆ ಅದು?" ಅಂತ ಕೇಳ್ತಾನೇ ಇರ್ತಾರೆ. ಓಡಾಡ್ತಿದೆ ಅಂದ್ಬುಡು, ನಾನೂ ಹಂಗೇ ಹೇಳಿದೀನಿ. ಕಣ್ಣು ಬಿಟ್ಟ ಮೇಲೆ ನಿಜ ನಾನೇ ಹೇಳ್ತೀನಿ. ಈಗ ಅಳೋ ಸ್ಥಿತೀಲಿಲ್ಲ ಆ ಕಣ್ಣು.

ಅತ್ತಿಗೆ