ಸುಡುಬಿಸಿಲಿನ ಹೂ

ಮೇ ೧೧, ಶನಿವಾರ

ತಾರಸಿಯ ಮೇಲಿನ ನನ್ನ ಹದಿನಾಲ್ಕು ಟೇಬಲ್ ರೋಸ್ ಕುಂಡಗಳೂ ಉಳಿದವು. ನಿನ್ನೆಯಿಂದ ಅದೇ ಯೋಚನೆ ತಲೆ ತಿನ್ನುತ್ತಿತ್ತು.

ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು ತಾರಸಿಗೆ ಬರುವುದು ಸಂಜೆ ಐದಕ್ಕೆ, ಟೀ ಕುಡಿಯಲು. ಟೇಬಲ್ ರೋಸ್ ಅರಳುವುದು ಸುಡುಬಿಸಿಲಿಗೆ. ಸಂಜೆಯ ಹೊತ್ತಿಗೆ ಮುದುಡಿರುತ್ತದೆ. ಇಷ್ಟು ದಿನ ಅವರು ಕಂಡದ್ದು ಬರೀ ಹಸಿರು ಕಡ್ಡಿ. "ಈ ಕಳೆಗೆಲ್ಲ ನೀರು ಹಾಕ್ತೀರಲ್ಲಮ್ಮಾ! ಸೋಮವಾರದೊಳಗೆ ತೆಗೆಸಿಬಿಡಿ," ಅಂದಿದ್ದರು ನಿನ್ನೆ. ನಾನು ನೀರು ಹಾಕುತ್ತಲೇ ಹೋದೆ. ಹೂವಿನ ಪರ ನಾನೇಕೆ ವಕಾಲತ್ತು ವಹಿಸಲಿ?

ಇವತ್ತು ಮಧ್ಯಾಹ್ನ ನಲ್ಲಿಯಲ್ಲಿ ನೀರು ನಿಂತಿತು. ಟ್ಯಾಂಕು ನೋಡಲು ಅವರೇ ಮೇಲೆ ಹತ್ತಿದರು. ಹಿಂದೆಯೇ ನಾನು. ಗುಲಾಬಿ, ಹಳದಿ, ಕಿತ್ತಳೆ: ಒಂದು ಎಲೆಯೂ ಕಾಣದಷ್ಟು ಹೂ.

"ಇವನ್ನೆಲ್ಲ ಯಾವಾಗ ತಂದ್ರಿ?"

"ತಂದಿದ್ದಲ್ಲ ಸಾರ್. ನಿನ್ನೆ ತೆಗೆಸಿಬಿಡಿ ಅಂದ್ರಲ್ಲ, ಅವೇ."

ಟ್ಯಾಂಕು ಮರೆತು, ಬೋಳುತಲೆಗೆ ಕೈ ಅಡ್ಡ ಹಿಡಿದು ಹತ್ತು ನಿಮಿಷ ಬಿಸಿಲಲ್ಲೇ ನಿಂತರು. "ಇರ್ಲಿ ಬಿಡಿ," ಅಂದರು ಕೊನೆಗೆ. ಜಂಬ ಅಂದರೆ ಅನ್ನಲಿ, ನನ್ನ ಕಾಲು ನೆಲದ ಮೇಲಿರಲಿಲ್ಲ.

ಐದಕ್ಕೆ ಟೀ ಹಿಡಿದು ಮತ್ತೆ ಬಂದರು. ಹೂ ಮುದುಡಿತ್ತು.

"ಮಲಗಿಬಿಟ್ವಾ?" ಎಂದು ಪಿಸುಗುಟ್ಟಿದರು. ಮೆಷಿನ್ನಿನ ಸದ್ದನ್ನೂ ಮೀರಿಸಿ ಕೂಗುವ ಮನುಷ್ಯ, ಚಪ್ಪಲಿ ಸದ್ದಾಗದಂತೆ ಮೆಟ್ಟಿಲಿಳಿದು ಹೋದರು.